ಮಾತ್ರೆಗೆ ಮುಂಚೆ ಒಂದು ತಟ್ಟೆ ಊಟ

ನನ್ನದು ಕಮ್ಮನಹಳ್ಳಿಯ ಒಳರಸ್ತೆಯಲ್ಲಿ ಒಂದು ಮೆಡಿಕಲ್ ಸ್ಟೋರ್. ಹತ್ತಡಿ ಅಗಲ, ಒಂದು ಫ್ರಿಜ್ಜು, ಒಂದು ಸ್ಟೂಲು. ಮೇಲಿನ ಮನೆಯನ್ನು ಬಾಡಿಗೆಗೆ ಕೊಡುತ್ತೇವೆ. 2013ರಲ್ಲಿ ಅಲ್ಲಿಗೆ ಕೀನ್ಯಾದ ಹುಡುಗಿಯೊಬ್ಬಳು ಬಂದಳು, ಬಿ.ಫಾರ್ಮಾ ಓದಲಿಕ್ಕೆ. ಬಂದ ವಾರವೇ ಅಂಗಡಿಗಿಳಿದು ತಲೆನೋವಿನ ಮಾತ್ರೆ ತಗೊಂಡಳು. ನನ್ನ ಹತ್ತಿರ ಚಿಲ್ಲರೆ ಇರಲಿಲ್ಲ. ಎಲ್ಲ ಮೆಡಿಕಲ್ ಸ್ಟೋರಿನವರ ಹಾಗೆ ನಾನೂ ಎರಡು ಚಾಕೊಲೇಟ್ ಕೈಗಿಟ್ಟೆ. ಅವಳು ಅದನ್ನೇ ನೋಡುತ್ತಾ ನಿಂತಳು. ಆಮೇಲೆ ಕೇಳಿದಳು, "ನಮ್ಮೂರಲ್ಲಿ ತರಕಾರಿ ಮಾರೋ ಅಜ್ಜಿ ಕೂಡ ಫೋನಲ್ಲೇ ದುಡ್ಡು ತಗೋತಾಳೆ. ನಿಮ್ಮದು ಐಟಿ ಸಿಟಿ ಅಲ್ವಾ?"

ನಿಜವೇ. ಫೋನಲ್ಲೇ ದುಡ್ಡು ಕಳಿಸುವ ಎಂ-ಪೆಸಾ ಕೀನ್ಯಾದಲ್ಲಿ ಶುರುವಾಗಿದ್ದು 2007ರಲ್ಲಿ. ನಮಗೆ ಯುಪಿಐ ಬಂದಿದ್ದು 2016ರಲ್ಲಿ. ಆ ವರ್ಷ ನವೆಂಬರಿನಲ್ಲಿ ನೋಟು ರದ್ದಾಗಿ ನಾನು ಗಲ್ಲಾಪೆಟ್ಟಿಗೆ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದರೆ, ಅವಳು ಮೆಟ್ಟಿಲ ಮೇಲಿಂದಲೇ "ಈಗ ಕಲೀತೀರ" ಅಂದು ಹೋದಳು.

ಅಮ್ಮನಿಗೂ ಅವಳಿಗೂ ಸ್ನೇಹ ಬೆಳೆದದ್ದು ಮುದ್ದೆಯಿಂದ. ಒಂದು ಭಾನುವಾರ ಊಟಕ್ಕೆ ಕರೆದಿದ್ದೆವು. ಮುದ್ದೆ ನೋಡಿದ ಕೂಡಲೇ "ವಿಂಬಿ!" ಅಂತ ಕೂಗಿದಳು. ಅವರ ಕಡೆ ರಾಗಿಗೆ ವಿಂಬಿ ಅಂತಾರೆ. ಬೆರಳಲ್ಲಿ ಒಂದು ತುಂಡು ಮುರಿದು, ಉಂಡೆ ಮಾಡಿ, ಹೆಬ್ಬೆರಳಿನಿಂದ ಒಂದು ಗುಳಿ ಒತ್ತಿ, ಅದರಲ್ಲಿ ಬಸ್ಸಾರು ತುಂಬಿಕೊಂಡು ಬಾಯಿಗಿಟ್ಟಳು. ಅಲ್ಲಿಯವರೆಗೆ ಅಮ್ಮನಿಗೆ ಖುಷಿಯೋ ಖುಷಿ. ಆಮೇಲೆ ಅವಳು ಅಗಿಯಲು ಶುರು ಮಾಡಿದಳು. ಅಮ್ಮ ಮುಖ ಹೇಗೆ ಮಾಡಿದರು ಅಂದರೆ, ಯಾರೋ ಚಪ್ಪಲಿ ಹಾಕಿಕೊಂಡು ದೇವರಮನೆಗೆ ನುಗ್ಗಿದ ಹಾಗೆ. "ನುಂಗಬೇಕು ಕಣಮ್ಮ, ಅಗಿಯಬಾರದು!" ನಾಲ್ಕು ವರ್ಷ ಇದೇ ಜಗಳ. 2017ರಲ್ಲಿ ಓದು ಮುಗಿಸಿ ಊರಿಗೆ ಹೋಗುವವರೆಗೂ ಅವಳು ಅಗಿಯುತ್ತಲೇ ಇದ್ದಳು.

ಅವಳ ಊರು ಪಶ್ಚಿಮ ಕೀನ್ಯಾದ ಬುಸಿಯಾ ಕೌಂಟಿಯಲ್ಲಿ, ವಿಕ್ಟೋರಿಯಾ ಸರೋವರದ ಕಡೆಗೆ. ಅವಳ ಮಾವ ಅಲ್ಲಿನ ಪ್ರೈಮರಿ ಶಾಲೆಯ ಹೆಡ್‌ಮಾಸ್ಟರ್. ಕೀನ್ಯಾದಲ್ಲಿ 2003ರಲ್ಲೇ ಪ್ರೈಮರಿ ಶಾಲೆಗೆ ಫೀಸ್ ತೆಗೆದುಹಾಕಿದ್ದಾರೆ. ಆದರೆ ಈ ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ಅಪ್ಪ ಅಮ್ಮನೇ ದುಡ್ಡು ಕೊಡಬೇಕು. ನಮ್ಮಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಶಾಲೆಯಲ್ಲೇ ಬಿಸಿ ಊಟ ಕೊಡಿ ಅಂತ ಆದೇಶ ಮಾಡಿತು. ಮರುವರ್ಷದಿಂದ ಅಕ್ಷರ ದಾಸೋಹ ಬಂತು. ಹಾಗಾಗಿ ಖಾಲಿ ಹೊಟ್ಟೆಯ ಶಾಲೆ ಅಂದರೆ ಏನು ಅಂತ ನಮಗೆ ಮರೆತೇ ಹೋಗಿತ್ತು.

ಅವಳು ಹೊರಡುವಾಗ ನಾವು ಒಂಬತ್ತು ಜನ ಸೇರಿ ಏನಾದರೂ ಕಳಿಸೋಣ ಅಂದುಕೊಂಡೆವು. ನಾನು, ಎದುರು ಬೇಕರಿಯವನು, ಸ್ಕೂಟರ್ ರಿಪೇರಿಯವನು, ಒಬ್ಬರು ರಿಟೈರ್ಡ್ ಮೇಷ್ಟ್ರು, ಹೀಗೆ. ಅವೆನ್ಯೂ ರೋಡಿಗೆ ಹೋಗಿ ನೋಟ್‌ಬುಕ್ಕು, ಪೆನ್ನು, ಜ್ಯಾಮಿಟ್ರಿ ಬಾಕ್ಸು ಕೊಂಡು ತಂದೆವು. ಮೂರು ದೊಡ್ಡ ರಟ್ಟಿನ ಡಬ್ಬ. ಕೊರಿಯರ್‌ನವನು ಹೇಳಿದ ರೇಟು ಕೇಳಿ ಮೇಷ್ಟ್ರು ಕುರ್ಚಿ ಹುಡುಕಿದರು. ಸಾಮಾನಿನ ಬೆಲೆಗಿಂತ ಸಾಗಾಟವೇ ಜಾಸ್ತಿ. ಆಗ ಅವಳು ಮೆತ್ತಗೆ ಹೇಳಿದಳು, "ಅಣ್ಣ, ಬುಸಿಯಾದಲ್ಲೂ ನೋಟ್‌ಬುಕ್ ಅಂಗಡಿ ಇದೆ."

ಆ ಮೂರು ಡಬ್ಬ ಹೆಣ್ಣೂರಿನ ಒಂದು ಸರ್ಕಾರಿ ಶಾಲೆಗೆ ಹೋಯಿತು.

ಎರಡನೇ ಐಡಿಯಾ ನನ್ನದು. ಆ ಕಡೆಯ ಮಕ್ಕಳಿಗೆ ಹೊಟ್ಟೆಹುಳದ ಕಾಟ ಜಾಸ್ತಿ ಅಂತ ಗೊತ್ತಿತ್ತು. ಅದರಲ್ಲೂ ಬುಸಿಯಾ ಈ ವಿಷಯದಲ್ಲಿ ಹೆಸರು ಮಾಡಿದ ಊರು. 1998ರಲ್ಲಿ ಅಲ್ಲಿನ 75 ಶಾಲೆಗಳಲ್ಲಿ ಮಕ್ಕಳಿಗೆ ಹುಳದ ಮಾತ್ರೆ ಕೊಡಲು ಶುರು ಮಾಡಿದರು. ಎಲ್ಲ ಶಾಲೆಗೂ ಒಟ್ಟಿಗೆ ಅಲ್ಲ, ಒಂದೊಂದು ಗುಂಪಿಗೆ ಒಂದೊಂದು ವರ್ಷ. ಹಾಗಾಗಿ ಹೋಲಿಸಿ ನೋಡಲು ಆಯಿತು. ನೋಡಿದವರು ಎಡ್ವರ್ಡ್ ಮಿಗೆಲ್ ಮತ್ತು ಮೈಕೆಲ್ ಕ್ರೆಮರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು. ಗೈರುಹಾಜರಿ ಸುಮಾರು ಕಾಲುಭಾಗ ಇಳಿದಿತ್ತು. ಮಾತ್ರೆ ತಗೊಳ್ಳದ ಮಕ್ಕಳಿಗೂ ಅಷ್ಟಿಷ್ಟು ಲಾಭ ಆಗಿತ್ತು, ಯಾಕೆಂದರೆ ಮಣ್ಣಿಗೆ ಬೀಳುವ ಹುಳದ ಮೊಟ್ಟೆಯೇ ಕಡಿಮೆಯಾಗಿತ್ತು. ಪರೀಕ್ಷೆಯ ಅಂಕ ಮಾತ್ರ ಏರಲಿಲ್ಲ. ಈ ಲೆಕ್ಕದ ಬಗ್ಗೆ ಆಮೇಲೆ ಪಂಡಿತರ ನಡುವೆ ಜೋರು ಜಗಳ ನಡೆಯಿತು, ಅದು ಬೇರೆ ಕಥೆ. ಕ್ರೆಮರ್‌ಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ನಮ್ಮ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಜೊತೆಗೆ.

ನಾನೋ ಮೆಡಿಕಲ್ ಸ್ಟೋರಿನವನು. ಹೊಟ್ಟೆಹುಳದ ಮಾತ್ರೆ ಆಲ್ಬೆಂಡಜೋಲ್ 400 ನನಗೆ ಹೋಲ್‌ಸೇಲಿನಲ್ಲಿ ಎಷ್ಟು ಅಗ್ಗಕ್ಕೆ ಸಿಗುತ್ತದೆ ಅಂತ ಹೇಳಿದರೆ ನೀವು ನನ್ನ ಹತ್ತಿರ ಚೌಕಾಸಿಗೆ ಬರ್ತೀರಿ. ಒಂದು ಡಬ್ಬ ಕಳಿಸಿದರೆ ಇಡೀ ಶಾಲೆಗೆ ಆಯ್ತು ಅಂತ ಎದೆಯುಬ್ಬಿಸಿ ವಾಟ್ಸಾಪಿನಲ್ಲಿ ಬರೆದೆ. ಅವಳ ವಾಯ್ಸ್ ನೋಟ್ ಬಂತು. ಮೊದಲ ಐದು ಸೆಕೆಂಡ್ ಬರೀ ನಗು. "ಅಣ್ಣ, ಮಾತ್ರೆ ಸರ್ಕಾರದಿಂದ ಪುಕ್ಕಟೆ ಬರುತ್ತೆ. ಮಾತ್ರೆ ತೊಂದರೆ ಅಲ್ಲ. ಮಕ್ಕಳು ಬೆಳಗ್ಗೆ ಏನೂ ತಿಂದಿರಲ್ಲ, ಅದು ತೊಂದರೆ."

ಇದು ನನಗೆ ಹೊಳೆದೇ ಇರಲಿಲ್ಲ. ಸರೋವರದ ದಂಡೆಯ ಊರುಗಳಲ್ಲಿ ಆಲ್ಬೆಂಡಜೋಲ್ ಒಂದೇ ಸಾಲದು. ಅಲ್ಲಿ ಬಿಲ್‌ಹಾರ್ಜಿಯಾ ಅಂತ ಇನ್ನೊಂದು ಹುಳದ ಕಾಯಿಲೆ ಇದೆ. ನೀರಿನ ಬಸವನಹುಳುವಿನೊಳಗೆ ಬೆಳೆದ ಮರಿ ಹೊರಬಂದು, ನೀರಿಗಿಳಿದವರ ಚರ್ಮದ ಮೂಲಕವೇ ಮೈಯೊಳಗೆ ಸೇರುತ್ತದೆ. ಕುಡಿಯಬೇಕಂತಿಲ್ಲ. ಬಟ್ಟೆ ಒಗೆದರೆ, ಈಜಿದರೆ, ಬಿಂದಿಗೆ ತುಂಬಿಸಿದರೆ ಸಾಕು. ಇದಕ್ಕೆ ಪ್ರಾಜಿಕ್ವಾಂಟೆಲ್ ಅನ್ನುವ ಮಾತ್ರೆ. ಒಂದೊಂದು 600 ಮಿಲಿಗ್ರಾಂ. ದಪ್ಪ, ಕಹಿ. ಹಸಿದ ಹೊಟ್ಟೆಗೆ ಬಿದ್ದರೆ ಹೊಟ್ಟೆನೋವು, ತಲೆಸುತ್ತು, ವಾಂತಿ. ಮಗು ಸಂಜೆ ಮನೆಗೆ ಬಂದು ವಾಂತಿ ಮಾಡಿದರೆ ತಾಯಿ ಏನಂದುಕೊಳ್ಳಬೇಕು? ಚೆನ್ನಾಗಿದ್ದ ಮಗುವಿಗೆ ಶಾಲೆಯವರು ಏನೋ ಕೊಟ್ಟು ಕೆಡಿಸಿದರು ಅಂತಾಳೆ. ಮುಂದಿನ ವರ್ಷ ಮಾತ್ರೆಯ ದಿನ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾಳೆ. ನನ್ನ ಅಂಗಡಿಯಲ್ಲೇ ದಿನಾ ನೂರು ಸಲ "ಊಟ ಆದ ಮೇಲೆ" ಅಂತ ಕವರಿನ ಮೇಲೆ ಬರೆಯುತ್ತೇನೆ. ಊಟವೇ ಇಲ್ಲದಿದ್ದರೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಹಾಗಾಗಿ ನಮ್ಮ ಮೊದಲ ದುಡ್ಡು ಹೋಗಿದ್ದು ಒಂದೇ ಒಂದು ದಿನದ ಊಟಕ್ಕೆ. ಗಿಥೇರಿ ಮಾಡಿಸಿದರು. ಜೋಳ, ಅಂದರೆ ಮುಸುಕಿನ ಜೋಳ, ಮತ್ತು ಬೀನ್ಸ್ ಕಾಳು ಸೇರಿಸಿ ಬೇಯಿಸಿದ್ದು. ನಮ್ಮ ಉಸಲಿಯ ದೊಡ್ಡಣ್ಣ ಅನ್ನಬಹುದು, ಒಗ್ಗರಣೆ ಒಂದು ಬಿಟ್ಟು.

ಆ ದಿನದ ವಿಡಿಯೋ ಇನ್ನೂ ನನ್ನ ಫೋನಿನಲ್ಲಿದೆ. ಗೋಡೆಗೆ ಒಂದು ಮರದ ಕೋಲು ಒರಗಿಸಿದ್ದಾರೆ, ಅದರ ಮೇಲೆ ಗೆರೆಗಳು. ತೂಕದ ಯಂತ್ರ ಎಲ್ಲ ಕಡೆ ಇರುವುದಿಲ್ಲ, ಅದಕ್ಕೆ ಎತ್ತರ ನೋಡಿ ಮಾತ್ರೆ. 94 ಸೆಂಟಿಮೀಟರಿನಿಂದ 110ರವರೆಗೆ ಒಂದು, 125ರವರೆಗೆ ಒಂದೂವರೆ, 138ರವರೆಗೆ ಎರಡು, ಹೀಗೆ ಏರುತ್ತದೆ. ಮಕ್ಕಳು ಊಟದ ತಟ್ಟೆ ತೊಳೆದಿಟ್ಟು ಸಾಲಲ್ಲಿ ಬಂದು ಕೋಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಒಬ್ಬ ಹುಡುಗ, ಹತ್ತು ಹನ್ನೊಂದು ವರ್ಷ ಇರಬಹುದು, ತನ್ನ ಸರದಿ ಬಂದಾಗ ಮೆಲ್ಲಗೆ ಮಂಡಿ ಬಗ್ಗಿಸುತ್ತಾನೆ. ಅರ್ಧ ಮಾತ್ರೆ ಉಳಿಸುವ ಉಪಾಯ! ಟೀಚರ್ ಪಟ್ಟಿಯಿಂದ ಕಣ್ಣೆತ್ತದೆ ಸ್ಕೇಲಿನಿಂದ ಅವನ ಮಂಡಿಗೆ ಮೆತ್ತಗೆ ತಟ್ಟುತ್ತಾರೆ. ಅವನು ನೆಟ್ಟಗಾಗುತ್ತಾನೆ. ಹಿಂದಿದ್ದ ಇಡೀ ಸಾಲು ನಗುತ್ತದೆ. ಈ ವಿಡಿಯೋ ನೋಡಿದ ಮೇಲೆ ಬೇಕರಿಯವನು ತಿಂಗಳಿಗೆ ಐನೂರು ಕೊಡುತ್ತಿದ್ದವನು ಸಾವಿರ ಮಾಡಿದ.

ಒಂದು ದಿನದ ಊಟ ಈಗ ವಾರಕ್ಕೆ ಮೂರು ದಿನ ಆಗಿದೆ. ಅಡುಗೆಯವಳಿಗೆ ಸಂಬಳ, ಜೋಳ, ಕಾಳು, ಸೌದೆ. ನಮ್ಮದು ನೋಂದಾಯಿತ ಸಂಸ್ಥೆ ಅಲ್ಲ. ಬೋರ್ಡು ಇಲ್ಲ, ಅಧ್ಯಕ್ಷರಿಲ್ಲ. ಲೆಕ್ಕದ ಪುಸ್ತಕದ ಮೇಲೆ "ವಿಂಬಿ" ಅಂತ ಬರೆದಿದ್ದೇನೆ ಅಷ್ಟೆ.

ದುಡ್ಡು ಕಳಿಸುವುದು ಸುಲಭ ಅಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಹೊರಗೆ ಕಳಿಸಬಹುದು. ನಾವು ಒಂದು ಸಲಕ್ಕೆ ಅರವತ್ತು ಸಾವಿರ ರೂಪಾಯಿ ಕಳಿಸಲು ಹೋದರೆ ಬ್ಯಾಂಕಿನಲ್ಲಿ ಫಾರಂ ಎ2 ತುಂಬಿಸಿ, ನನ್ನನ್ನು ಕಳ್ಳನ ಹಾಗೆ ನೋಡಿದರು. ಒಂದು ಸಲ ಶಾಲೆಯ ಖಾತೆಯ ಹೆಸರಿನಲ್ಲಿ ಒಂದಕ್ಷರ ತಪ್ಪಾಗಿ ದುಡ್ಡು ಮೂರು ವಾರ ಅಲೆದು ವಾಪಸ್ ಬಂತು, ಬರುವಾಗ ದಾರಿಖರ್ಚು ಅಂತ ಒಂದಷ್ಟು ಕಳೆದುಕೊಂಡು. ಅಕ್ಷರ ತಪ್ಪಿಸಿದ್ದು ಕೌಂಟರಿನವರು, ಕಟ್ಟಿದ್ದು ನಾವು. ಅದಕ್ಕೆ ಈಗ ವರ್ಷಕ್ಕೆ ಎರಡೇ ಸಲ ಕಳಿಸುತ್ತೇವೆ.

ಅದೇ ಕೌಂಟರಿನಲ್ಲಿ ಕೇಳಿದರು, "ಇಲ್ಲೇ ಬಡ ಮಕ್ಕಳಿಲ್ವಾ?" ಅಂಗಡಿಗೆ ಬರುವವರೂ ಕೇಳುತ್ತಾರೆ. ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕಾದಲ್ಲಿ, ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮಗೆ ಬಂತು, ಬಡ್ಡಿ ಕಟ್ಟುತ್ತಿದ್ದೇನೆ ಅಂತ ಹೇಳಿ ಬಾಯಿ ಮುಚ್ಚಿಸುತ್ತೇನೆ. ಅದು ಸುಮ್ನೆ ಹೇಳುವ ಮಾತು. ನಿಜ ಏನಂದರೆ ಆ ಹುಡುಗಿ ನಮ್ಮ ಮನೆಯಲ್ಲಿದ್ದಳು. ಅವಳು ಬೇರೆ ಊರಿನವಳಾಗಿದ್ದರೆ ದುಡ್ಡು ಆ ಊರಿಗೆ ಹೋಗುತ್ತಿತ್ತು.

ತಪ್ಪುಗಳಲ್ಲಿ ದೊಡ್ಡದು ಹುಳದ್ದೇ. ಹೊಟ್ಟೆಯ ಹುಳ ಅಲ್ಲ. ಅಲ್ಲಿ ಸುಗ್ಗಿ ಮುಗಿದ ಕೂಡಲೇ ಜೋಳ ಅಗ್ಗ, ಮುಂದಿನ ಬೆಳೆ ಬರುವ ಮುಂಚಿನ ತಿಂಗಳುಗಳಲ್ಲಿ ದುಬಾರಿ. ವ್ಯಾಪಾರಿ ಬುದ್ಧಿ ನನ್ನದು, ಸುಗ್ಗಿಯಲ್ಲೇ ಪೂರ್ತಿ ಕೊಂಡುಬಿಡಿ ಅಂದೆ. 90 ಕೆಜಿಯ ಹದಿನಾಲ್ಕು ಚೀಲ ಕೊಂಡು ಸ್ಟೋರ್ ರೂಮಿನಲ್ಲಿಟ್ಟರು. ಮೂರು ತಿಂಗಳ ಮೇಲೆ ಒಂದು ಫೋಟೋ ಬಂತು. ಅಂಗೈ ಮೇಲೆ ಐದಾರು ಕಾಳು, ಪ್ರತಿ ಕಾಳಿಗೂ ಸೂಜಿ ಚುಚ್ಚಿದಂಥ ತೂತು. ಚೀಲದ ಕೆಳಗೆ ನೆಲದ ಮೇಲೆ ಬಿಳಿ ಹಿಟ್ಟು. ಗಿರಣಿಯ ಕೆಲಸ ಹುಳವೇ ಮಾಡಿ ಮುಗಿಸಿತ್ತು. ಅಮ್ಮ ಫೋಟೋ ನೋಡಿ, "ರಾಗಿ ಇಡಬೇಕಿತ್ತು" ಅಂದರು. ಮಾಗಡಿ ಹತ್ತಿರ ಅವರ ತವರುಮನೆಯಲ್ಲಿ ಹಗೇವು ಇತ್ತು. ನೆಲದೊಳಗೆ ತುಂಬಿಟ್ಟ ರಾಗಿ ವರ್ಷಗಟ್ಟಲೆ ಹಾಗೇ ಇರುತ್ತಿತ್ತಂತೆ, ಹುಳ ಮುಟ್ಟುತ್ತಿರಲಿಲ್ಲ. ಆದರೆ ಅಲ್ಲಿ ವಿಂಬಿಗೆ ಜೋಳಕ್ಕಿಂತ ಬೆಲೆ ತುಂಬಾ ಜಾಸ್ತಿ. ಬೆಳಗಿನ ಗಂಜಿಗೆ, ಅಂದರೆ ಉಜಿಗೆ, ಒಂದೆರಡು ಹಿಡಿ ಹಾಕುತ್ತಾರೆ ಅಷ್ಟೆ. ಈಗ ಗಾಳಿಯಾಡದ ಮೂರು ಪದರದ ಚೀಲ ಕೊಂಡಿದ್ದಾರೆ. ಬಾಯಿ ಬಿಗಿಯಾಗಿ ಕಟ್ಟಿದರೆ ಒಳಗಿನ ಹುಳ ಉಸಿರಿಲ್ಲದೆ ಸಾಯುತ್ತದೆ. ಔಷಧಿ ಬೇಡ. ಆ ಹಳೆಯ ಚೀಲಗಳ ನಷ್ಟವನ್ನು ಒಂಬತ್ತು ಜನ ಹಂಚಿಕೊಂಡೆವು. ಮೇಷ್ಟ್ರು ಇನ್ನೂ ನನಗೆ ಅದನ್ನು ನೆನಪಿಸುತ್ತಾರೆ.

ಹೋದ ವಾರ ಅವಳ ಮೆಸೇಜು ಬಂತು. ದೊಡ್ಡ ಸುಫುರಿಯಾದ ತಳ ಒಡೆದಿದೆ. ಸುಫುರಿಯಾ ಅಂದರೆ ಹಿಡಿಯಿಲ್ಲದ ಅಲ್ಯೂಮಿನಿಯಂ ಪಾತ್ರೆ. ಬೇಕರಿಯವನಿಗೆ ಹೇಳಿದ್ದೇ ತಡ, ಅವನ ಭಾವನ ಛತ್ರದಿಂದ ಅರವತ್ತು ಲೀಟರಿನ ಒಂದು ಪಾತ್ರೆಯನ್ನು ಆಟೋದಲ್ಲಿ ಹೇರಿಕೊಂಡು ಬಂದ. ಗಟ್ಟಿ ತಳ, ಒಂದು ತಗ್ಗಿಲ್ಲ. ನಾನು ಏನೂ ಹೇಳದೆ ಅವನ ಮುಖ ನೋಡಿದೆ. ಅವನೂ ನೋಡಿದ. ರಟ್ಟಿನ ಡಬ್ಬಗಳು ಇಬ್ಬರಿಗೂ ನೆನಪಾಗಿರಬೇಕು. "ಹಾಗಾದ್ರೆ ಮಾರಿ ದುಡ್ಡು ಕಳಿಸು" ಅಂದು ಬೇಕರಿಗೆ ಹೋದ.

ಶಿವಾಜಿನಗರದವನು ಗುಜರಿ ರೇಟು ಹೇಳುತ್ತಾನೆ, ಅದಕ್ಕೆ ಕೊಡಲು ಮನಸ್ಸಿಲ್ಲ. ಪಾತ್ರೆ ನನ್ನ ಅಂಗಡಿಯ ಹಿಂದೆ ಇದೆ, ಮುಚ್ಚಳ ಸಮೇತ. ಕೇಟರಿಂಗ್ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಬಂದು ನೋಡಿ.