ಕಬ್ಬಿನ ಸಿಹಿ ಗರಿಯಿಂದ ಜಲ್ಲೆಗೆ ಇಳಿಯೋ ದಾರಿ

ನಮ್ಮ ಮಂಡ್ಯ ಕಡೆ ಕಬ್ಬಿನ ಮಾತು ಬರದೇ ಇರೋ ದಿನವೇ ಇಲ್ಲ, ರೇಟು, ನಾಲೆ ನೀರು, ಕಟಾವು ಲೇಟಾಗೋದು ಎಲ್ಲಾ ಮಾತಾಡ್ತೀವಿ, ಆದ್ರೆ ಆ ಸಿಹಿ ಒಳಗೆ ಹೆಂಗ್ ಬಂತು ಅನ್ನೋದು ಮಾತ್ರ ಪಿಯುಸಿ ಬಯಾಲಜಿ ಪುಸ್ತಕದಲ್ಲೇ ಉಳ್ಕೊಂಡುಬಿಡುತ್ತೆ. ನನಗೆ ಅದು ಬೇಜಾರು. ಗದ್ದೆ ಬದಿ ಮೇಲೆ ನಿಂತ್ಕೊಂಡೇ ಹೇಳ್ಕೊಡಬಹುದಾದ ಪಾಠ ಅದು.

ಸಕ್ಕರೆ ಹುಟ್ಟೋದು ಜಲ್ಲೆಯಲ್ಲಲ್ಲ, ಗರಿಯಲ್ಲಿ. ಗರಿಯ ಜೀವಕೋಶದಲ್ಲಿ ಕ್ಲೋರೋಪ್ಲಾಸ್ಟ್ ಅನ್ನೋ ಹಸಿರು ಕಣಗಳು ಇರುತ್ತವೆ, ಅದರೊಳಗೆ ಥೈಲಕಾಯ್ಡ್ ಅನ್ನೋ ತೆಳು ಪೊರೆಯ ಚೀಲಗಳು. ಬಿಸಿಲು ಬಿದ್ದಾಗ ಅಲ್ಲಿ ನೀರು ಒಡೆಯುತ್ತೆ, ನಾವು ಉಸಿರಾಡೋ ಆಕ್ಸಿಜನ್ ಬರೋದು ಆ ನೀರಿಂದ, ಕಾರ್ಬನ್ ಡೈಆಕ್ಸೈಡಿಂದ ಅಲ್ಲ, ತುಂಬ ಜನ ಇದನ್ನ ಉಲ್ಟಾ ತಿಳ್ಕೊಂಡಿರ್ತಾರೆ. ನೀರಿಂದ ಬಂದ ಎಲೆಕ್ಟ್ರಾನು ಪೊರೆಯಲ್ಲಿ ಸಾಗ್ತಾ ಹೋದಂಗೆ ಪ್ರೋಟಾನುಗಳು, ಅಂದ್ರೆ ಪಾಸಿಟಿವ್ ಚಾರ್ಜಿರೋ ಹೈಡ್ರೋಜನ್ ಕಣಗಳು, ಚೀಲದೊಳಗೆ ತುಂಬ್ಕೋತವೆ, ಪೊರೆ ಅವನ್ನ ಸುಮ್ನೆ ಆಚೆ ಬಿಡಲ್ಲ, ಎಟಿಪಿ ಸಿಂಥೇಸ್ ಅನ್ನೋ ಪ್ರೋಟೀನಿನ ಮೂಲಕವೇ ನುಗ್ಗಬೇಕು. ಶಿವನಸಮುದ್ರದಲ್ಲಿ ಕಾವೇರಿ ನೀರು ಬೀಳೋ ಜೋರಿಗೆ ಟರ್ಬೈನ್ ತಿರುಗುತ್ತಲ್ಲ, ಹಂಗೇ ಈ ಪ್ರೋಟೀನೂ ನಿಜವಾಗ್ಲೂ ಗರಗರ ತಿರುಗುತ್ತೆ, ತಿರುಗಿದಾಗ ಎಟಿಪಿ, ಅಂದ್ರೆ ಕೋಶದ ಕೆಲಸಕ್ಕೆ ಶಕ್ತಿ ಕೊಡೋ ಅಣು, ತಯಾರಾಗುತ್ತೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಹಿಡಿದು ಸಕ್ಕರೆ ಕಟ್ಟೋಕೆ ಈ ಎಟಿಪಿ ಬೇಕು. ಪೀಟರ್ ಮಿಚೆಲ್ ಅನ್ನೋ ವಿಜ್ಞಾನಿ 1961ರಲ್ಲಿ ಈ ಪ್ರೋಟಾನಿನ ವಿಚಾರ ಹೇಳಿದಾಗ ಹೆಚ್ಚಿನವರು ಒಪ್ಪಲಿಲ್ಲ, 1978ರಲ್ಲಿ ಅದಕ್ಕೇ ನೊಬೆಲ್ ಬಂತು.

ಇನ್ನು ಪಕ್ಕಪಕ್ಕದ ಗದ್ದೆಯ ಭತ್ತಕ್ಕೂ ಕಬ್ಬಿಗೂ ಇರೋ ವ್ಯತ್ಯಾಸ. ಭತ್ತದಲ್ಲಿ ಕಾರ್ಬನ್ ಹಿಡಿಯೋ ರುಬಿಸ್ಕೋ ಅನ್ನೋ ಕಿಣ್ವ ಆಗಾಗ ಕಾರ್ಬನ್ ಡೈಆಕ್ಸೈಡ್ ಬದಲು ಆಕ್ಸಿಜನ್ ಹಿಡ್ಕೊಂಡುಬಿಡುತ್ತೆ, ಸೆಖೆ ಏರಿದಷ್ಟೂ ಈ ನಷ್ಟ ಜಾಸ್ತಿ. ಕಬ್ಬಿನ ಗರಿಯನ್ನ ಅಡ್ಡಕ್ಕೆ ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಲ್ಲಿ ನೋಡಿ, ಪ್ರತಿ ನರದ ಸುತ್ತ ದಪ್ಪ ಕೋಶಗಳ ಒಂದು ಉಂಗುರ ಕಾಣುತ್ತೆ, ಎಷ್ಟು ಚೆಂದ ಅಂದ್ರೆ ಸ್ಲೈಡ್ ಬಿಟ್ಟು ಏಳೋಕೆ ಮನಸ್ಸಾಗಲ್ಲ. ಉಂಗುರದ ಹೊರಗಿನ ಕೋಶಗಳು ಬೇರೆ ಕಿಣ್ವದಿಂದ ಕಾರ್ಬನ್ ಹಿಡಿದು ಮ್ಯಾಲೇಟ್ ಅನ್ನೋ ನಾಲ್ಕು ಕಾರ್ಬನ್ನಿನ ಆಮ್ಲ ಮಾಡಿ ಒಳಗೆ ಕಳಿಸ್ತವೆ, ಉಂಗುರದ ಕೋಶದಲ್ಲಿ ಅದು ಬಿಚ್ಕೊಂಡು ರುಬಿಸ್ಕೋ ಸುತ್ತ ಕಾರ್ಬನ್ ಡೈಆಕ್ಸೈಡ್ ದಟ್ಟವಾಗುತ್ತೆ. ಇದನ್ನ ಬಿಡಿಸಿ ಹೇಳಿದ್ದು ಹ್ಯಾಚ್ ಮತ್ತು ಸ್ಲ್ಯಾಕ್ ಅನ್ನೋ ವಿಜ್ಞಾನಿಗಳು, 1966ರಲ್ಲಿ, ಆಸ್ಟ್ರೇಲಿಯಾದಲ್ಲಿ, ಅದೂ ಕಬ್ಬಿನ ಮೇಲೇ. ಖರ್ಚೂ ಇದೆ, ಒಂದು ಕಾರ್ಬನ್ನಿಗೆ ಭತ್ತಕ್ಕೆ 3 ಎಟಿಪಿ ಸಾಕು, ಕಬ್ಬಿಗೆ 5 ಬೇಕು, ನಮ್ಮ ಬಿಸಿಲಲ್ಲಿ ಆ ಖರ್ಚು ಗಿಟ್ಟುತ್ತೆ.

ಗರಿಯಲ್ಲಾದ ಸಕ್ಕರೆ ಜಲ್ಲೆಗೆ ಇಳೀಬೇಕಲ್ಲ. ಕೋಶದ ಪೊರೆ ಕೊಬ್ಬಿನದು, ಸುಕ್ರೋಸ್, ಅಂದ್ರೆ ನಮ್ಮ ಸಕ್ಕರೆ, ತಾನಾಗೇ ದಾಟಲ್ಲ. ಕಬ್ಬಿನ ನಂಟ ಮುಸುಕಿನ ಜೋಳದಲ್ಲಿ ಚೆನ್ನಾಗಿ ಗೊತ್ತಿರೋ ದಾರಿ ಇದು: ಪೊರೆಯಲ್ಲಿರೋ ಪಂಪು ಎಟಿಪಿ ಸುಟ್ಟು ಪ್ರೋಟಾನುಗಳನ್ನ ಹೊರಗೆ ತಳ್ಳುತ್ತೆ, ಅವು ವಾಪಸ್ ಒಳಗೆ ನುಗ್ಗುವಾಗ ಇನ್ನೊಂದು ಪ್ರೋಟೀನು ಸುಕ್ರೋಸನ್ನೂ ಜೊತೆಗೇ ಎಳ್ಕೊಂಡು, ಗಿಡದೊಳಗೆ ಸಕ್ಕರೆ ರಸ ಸಾಗಿಸೋ ಫ್ಲೋಯೆಮ್ ನಾಳಕ್ಕೆ ಸೇರಿಸುತ್ತೆ. ಮತ್ತೆ ಪ್ರೋಟಾನೇ! ಅಲ್ಲಿ ಸಕ್ಕರೆ ಹೆಚ್ಚಾದ್ರೆ ಆಸ್ಮಾಸಿಸ್ಸಿಂದ ನೀರು ಒಳಗೆ ಬರುತ್ತೆ, ಒತ್ತಡ ಏರುತ್ತೆ, ರಸ ಕೆಳಕ್ಕೆ ಹರಿಯುತ್ತೆ, ಕೊನೆಗೆ ಜಲ್ಲೆಯ ಕೋಶಗಳ ವ್ಯಾಕ್ಯುವೋಲ್ ಅನ್ನೋ ರಸದ ಚೀಲದಲ್ಲಿ ಶೇಖರ ಆಗುತ್ತೆ.

ಜಲ್ಲೆ ಕಡಿಯುವಾಗ ಬುಡ ಸಿಹಿ, ತುದಿ ಸಪ್ಪೆ ಅನ್ಸೋದು ಇದಕ್ಕೇ, ತುದಿ ಇನ್ನೂ ಬೆಳೀತಿರುತ್ತೆ, ಬಂದ ಸಕ್ಕರೆನೆಲ್ಲ ಒಡ್ಕೊಂಡು ಬೆಳೆಯೋಕೇ ಬಳಸ್ಕೊಳ್ಳುತ್ತೆ. ಕಟಾವಿಗೆ ಮುಂಚೆ ನೀರು ನಿಲ್ಲಿಸಿದ್ರೆ ಮೊದಲು ಕುಂಠಿತ ಆಗೋದು ಬೆಳವಣಿಗೆ, ಗರಿ ಇನ್ನೂ ಸ್ವಲ್ಪ ದಿನ ಸಕ್ಕರೆ ಮಾಡ್ತಾನೇ ಇರುತ್ತೆ, ಹಂಗಾಗಿ ಅದು ಖರ್ಚಾಗದೇ ಜಲ್ಲೆಯಲ್ಲೇ ಉಳ್ಕೊಳ್ಳುತ್ತೆ.