ಶಿಬಿರದ ತಾರೀಕು ಮಳೆ ನಕ್ಷತ್ರ ನೋಡಿ ಇಡಿ

ಶಾಲೆಗೆ ರಜೆ ಇದೆ ಎಂಬ ಒಂದೇ ಕಾರಣಕ್ಕೆ ಮೇ ಮೊದಲ ವಾರ ಸಾವಯವ ಕೈತೋಟದ ಶಿಬಿರ ಇಡುವವರಿದ್ದಾರೆ. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಸೀಮೆಯಲ್ಲಿ ಆಗ ಮಧ್ಯಾಹ್ನದ ಬಿಸಿಲು 38ರಿಂದ 40 ಡಿಗ್ರಿ. ಬೆಳಗ್ಗೆ ಹತ್ತರ ಮೇಲೆ ಗುದ್ದಲಿ ಮುಟ್ಟಲಾಗುವುದಿಲ್ಲ. ನೆಟ್ಟ ಸಸಿ ಸಂಜೆಯೊಳಗೆ ತಲೆ ಬಾಗಿಸುತ್ತದೆ. ಬೆಂಗಳೂರಿಂದ ಇನ್ನೂರು ಕಿಲೋಮೀಟರ್ ಬಂದವರು ನೆರಳಲ್ಲಿ ಕೂತು ಮಜ್ಜಿಗೆ ಕುಡಿದು, ಭಾಷಣ ಕೇಳಿ ಬಸ್ ಹತ್ತುತ್ತಾರೆ.

ನಾಲ್ಕೈದು ಮನೆಯವರು ಸೇರಿ ಜಮೀನು ಮಾಡಿ, ಒಂದೇ ಅಡುಗೆಮನೆ, ಒಂದೇ ಬೋರ್‌ವೆಲ್ ಇಟ್ಟುಕೊಂಡು ಒಟ್ಟಿಗೆ ಬದುಕುವ ತೋಟಗಳಿಗೆ ಶಿಬಿರ ಎಂದರೆ ಆದಾಯವೂ ಹೌದು, ನಾಲ್ಕು ಕೈ ಹೆಚ್ಚು ಸಿಗುವ ದಾರಿಯೂ ಹೌದು. ಆದರೆ ಮಲೆನಾಡಿನಲ್ಲೋ ಬೆಂಗಳೂರಿನ ತಾರಸಿಯಲ್ಲೋ ನಡೆಯುವ ಶಿಬಿರದ ಪಟ್ಟಿಯನ್ನು ಹಾಗೇ ಎತ್ತಿ ತಂದರೆ ಈ ಚಿತ್ರದುರ್ಗ-ದಾವಣಗೆರೆ ಬಯಲುಸೀಮೆಯಲ್ಲಿ ನಡೆಯುವುದಿಲ್ಲ. ಇಲ್ಲಿ ಮಳೆ ಕಡಿಮೆ, ಅದರಲ್ಲೂ ಹೆಚ್ಚು ಬೀಳುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಹಾಗಾಗಿ ಭೂಮಿ ಯಾವಾಗ ಯಾವ ಕೆಲಸ ಕೇಳುತ್ತದೋ ಆಗ ಆ ಕೆಲಸದ ಶಿಬಿರ ಇಡಬೇಕು.

ವರ್ಷಕ್ಕೆ ನಾಲ್ಕು ಸಾಕು. ರೋಹಿಣಿ ಮಳೆ ಹಿಡಿಯುವುದು ಮೇ 25ರ ಸುಮಾರಿಗೆ, ಮೃಗಶಿರಾ ಜೂನ್ 8ರ ಹೊತ್ತಿಗೆ. ಈ ನಡುವೆ ಒಂದು ಹದ ಮಳೆ ಬಿದ್ದ ಮೇಲೆ ಬಿತ್ತನೆಯ ಶಿಬಿರ: ಬೀಜಾಮೃತ (ಬಿತ್ತುವ ಮೊದಲು ಬೀಜಕ್ಕೆ ಲೇಪಿಸುವ ಸಗಣಿ-ಗಂಜಲದ ದ್ರವ), ಹಸಿರೆಲೆ ಗೊಬ್ಬರದ ಅಪ್ಸೆಣಬು ಚೆಲ್ಲುವುದು, ಅಕ್ಕಡಿ ಸಾಲು (ಮುಖ್ಯ ಬೆಳೆಯ ನಡುವೆ ಬೇರೆ ಬೆಳೆಯ ಸಾಲು). ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಬದುವಿಗೆ ಹುಚ್ಚೆಳ್ಳು. ಮಳೆ ಕೈಕೊಟ್ಟರೆ ತಾರೀಕನ್ನು ಜೂನ್ ಕೊನೆಯ ಆರಿದ್ರಾ ಮಳೆಗೆ ತಳ್ಳಬೇಕಾಗುತ್ತದೆ, ಬರುವವರಿಗೆ ಈ ಮಾತನ್ನು ದುಡ್ಡು ತೆಗೆದುಕೊಳ್ಳುವ ಮೊದಲೇ ಹೇಳಿ. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಅನ್ನುವುದು ಶಿಬಿರಕ್ಕೂ ಅನ್ವಯ. ಎರಡನೆಯದು ಪುಷ್ಯ-ಆಶ್ಲೇಷದ ಹೊತ್ತಿಗೆ, ಜುಲೈ ಕೊನೆ, ಆಗಸ್ಟ್ ಮೊದಲು. ಕಳೆ, ಗೊಬ್ಬರದ ಗುಡ್ಡೆ, ಬೇವಿನ ಬೀಜ, ಸಸಿಮಡಿ. ಮೂರನೆಯದು ಚಿತ್ತಾ-ಸ್ವಾತಿ ಮುಗಿಯುತ್ತಾ ಬಂದಾಗ, ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ, ನಾಟಿಗೆ. ನಾಲ್ಕನೆಯದು ಸಂಕ್ರಾಂತಿಯ ಆಸುಪಾಸು, ಬೀಜ ಆಯುವುದಕ್ಕೆ. ಹೊಸಬರಿಗೆ ಮೂರನೆಯದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ನೆಲದಲ್ಲಿ ಹಸಿ ಇರುತ್ತದೆ, ರಾತ್ರಿ ತಂಪು, ನೆಟ್ಟದ್ದೆಲ್ಲ ಹಿಡಿಯುತ್ತದೆ. ಮೊದಲ ಸಲವೇ ಸಸಿ ಸಾಯಿಸಿದವರು ಮತ್ತೆ ಗುದ್ದಲಿ ಹಿಡಿಯುವುದು ಕಡಿಮೆ.

ಮೇ ತಿಂಗಳು ಬಿಟ್ಟರೆ ಗತಿಯಿಲ್ಲ ಎನ್ನುವವರು ಬೆಳಗ್ಗೆ ಆರರಿಂದ ಒಂಬತ್ತೂವರೆ, ಸಂಜೆ ನಾಲ್ಕೂವರೆಯ ಮೇಲೆ ಮಾತ್ರ ಕೆಲಸ ಇಡಿ. ಬದು ಕಟ್ಟುವುದು, ಕೃಷಿಹೊಂಡದ ಹೂಳು, ಬೀಜ ಕೇರುವುದು ಇಷ್ಟೇ. ನಾಟಿ ಬೇಡ.

ಎರಡು ದಿನದ ಶಿಬಿರದಲ್ಲಿ ಎಪ್ಪತ್ತು ದಿನದ ಗೊಬ್ಬರ ತೋರಿಸುವುದು ಹೇಗೆ? ಹೆಚ್ಚಿನ ಶಿಬಿರಗಳು ಎಡವುವುದು ಇಲ್ಲೇ. ಗುಡ್ಡೆ ಹಾಕುವುದನ್ನು ಮಾತ್ರ ತೋರಿಸುತ್ತಾರೆ, ಮನೆಗೆ ಹೋದವರು ಹತ್ತನೇ ದಿನ ಅದು ತಣ್ಣಗಾದಾಗ ಏನು ಮಾಡಬೇಕೆಂದು ತಿಳಿಯದೆ ಬಿಟ್ಟುಬಿಡುತ್ತಾರೆ. ಆದ್ದರಿಂದ ಶಿಬಿರಕ್ಕೆ ಎಪ್ಪತ್ತು ದಿನ ಮೊದಲು ಒಂದು ಗುಡ್ಡೆ, ನಲವತ್ತು ದಿನ ಮೊದಲು ಇನ್ನೊಂದು, ಹದಿನೈದು ದಿನ ಮೊದಲು ಮತ್ತೊಂದು, ಮೂರು ದಿನ ಮೊದಲು ಕೊನೆಯದು ಹಾಕಿಟ್ಟಿರಬೇಕು. ಬಂದವರು ನಾಲ್ಕಕ್ಕೂ ಕೈ ಹಾಕಿ, ಮೂಸಿ ನೋಡಲಿ. ಸಸಿಗಳೂ ಹೀಗೇ. ಟೊಮೆಟೊ ನಾಟಿಗೆ ಬರಲು ಸುಮಾರು 25 ದಿನ, ಬದನೆಗೆ 30ರಿಂದ 35, ಮೆಣಸಿನಕಾಯಿಗೆ 35ರಿಂದ 40. ತಾರೀಕು ನಿಗದಿಯಾದ ದಿನವೇ ಹಿಂದಕ್ಕೆ ಎಣಿಸಿ ಗೋಡೆಗೆ ಬರೆದು ಅಂಟಿಸಿ.

ಗುಡ್ಡೆಯ ಅಳತೆ: ಅಗಲ ನಾಲ್ಕು ಅಡಿ, ಎತ್ತರ ನಾಲ್ಕು ಅಡಿ, ಉದ್ದ ಆರು ಅಡಿ. ಮೂರು ಅಡಿಗಿಂತ ಚಿಕ್ಕದಾದರೆ ಒಳಗಿನ ಕಾವು ನಿಲ್ಲುವುದಿಲ್ಲ. ದಾವಣಗೆರೆ ಕಡೆ ಮೆಕ್ಕೆಜೋಳದ ದಂಟಿಗೆ ಬರವಿಲ್ಲ, ಆದರೆ ಇಡೀ ದಂಟು ಹಾಕಿದರೆ ವರ್ಷವಾದರೂ ಕೊಳೆಯದು. ಎರಡು-ಮೂರು ಇಂಚಿಗೆ ಕತ್ತರಿಸಿ. ಅರ್ಧ ಅಡಿ ಒಣಗಿದ್ದು, ಅದರ ಮೇಲೆ ನಾಲ್ಕು ಇಂಚು ಹಸಿರು (ಗ್ಲಿರಿಸಿಡಿಯಾ, ಹೊಂಗೆ ಸೊಪ್ಪು, ಹೂ ಬಿಡುವ ಮುಂಚಿನ ಪಾರ್ಥೇನಿಯಂ), ಮೇಲೊಂದು ಬಕೆಟ್ ಸಗಣಿ ಬಗ್ಗಡ, ಹಿಡಿ ಹಿಡಿ ಮಣ್ಣು. ಹೀಗೆ ಪದರದ ಮೇಲೆ ಪದರ. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಒಸರಬೇಕು. ಮೂರನೇ ದಿನ ಕಬ್ಬಿಣದ ಸಲಾಕೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದರೆ ಹಿಡಿಯಲಾಗದಷ್ಟು ಬಿಸಿ ಇರಬೇಕು. ಅಂದರೆ ಒಳಗೆ 55ರಿಂದ 65 ಡಿಗ್ರಿ. ವಾರಕ್ಕೊಮ್ಮೆ, ಆಮೇಲೆ ಹತ್ತು ದಿನಕ್ಕೊಮ್ಮೆ ಮಗುಚುವುದು.

ಬಿಸಿಯಾಗದಿದ್ದರೆ ನೂರಕ್ಕೆ ತೊಂಬತ್ತು ಸಲ ಕಾರಣ ಒಣಗಿರುವುದೇ. ಚಿತ್ರದುರ್ಗದ ಗಾಳಿ ಗುಡ್ಡೆಯ ಮಗ್ಗುಲನ್ನು ಎರಡೇ ದಿನದಲ್ಲಿ ಒಣಗಿಸುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಎರಡಡಿ ಗುಂಡಿಯಲ್ಲಿ, ಮಳೆಗಾಲದಲ್ಲಿ ನೆಲದ ಮೇಲೆ. ಮೂಗಿಗೆ ಹೊಡೆಯುವ ಘಾಟು ಬಂದರೆ ಹಸಿರು ಜಾಸ್ತಿಯಾಗಿದೆ, ಒಣ ದಂಟು ಸೇರಿಸಿ ಮಗುಚಿ. ಕೊಳೆತ ಮೊಟ್ಟೆಯ ವಾಸನೆಯಾದರೆ ನೀರು ಹೆಚ್ಚಾಗಿ ಗಾಳಿಯಾಡುತ್ತಿಲ್ಲ.

ದಂಟು ಹೊರಗಿನಿಂದ ತರುವುದಾದರೆ ಒಂದು ಎಚ್ಚರಿಕೆ. ಮೆಕ್ಕೆಜೋಳಕ್ಕೆ ಕಳೆನಾಶಕ ಹೊಡೆಯುವುದು ಸಾಮಾನ್ಯ. ತಯಾರಾದ ಗೊಬ್ಬರವನ್ನು ಎರಡು ಕುಂಡಕ್ಕೆ ತುಂಬಿ ಹುರುಳಿಕಾಯಿ ಬೀಜ ಹಾಕಿ, ಪಕ್ಕದಲ್ಲಿ ಬರೀ ಮಣ್ಣಿನದೊಂದು ಕುಂಡ ಇಡಿ. ಎರಡು-ಮೂರು ವಾರದಲ್ಲಿ ಗೊಬ್ಬರದ ಗಿಡದ ಎಲೆ ಮಾತ್ರ ಸುರುಳಿ ಸುತ್ತಿದರೆ ಅಥವಾ ಅಂಚು ಹಳದಿಯಾದರೆ ಆ ಗೊಬ್ಬರ ತರಕಾರಿ ಮಡಿಗೆ ಬೇಡ. ಇದನ್ನೂ ಶಿಬಿರಕ್ಕೆ ಮೊದಲೇ ಮಾಡಿಟ್ಟರೆ ತೋರಿಸಲು ಒಂದು ಒಳ್ಳೆಯ ಪಾಠ.

ಹಸಿ ಸಗಣಿಯನ್ನು ನೇರ ಮಡಿಗೆ ಸುರಿಯುವ ಅಭ್ಯಾಸವನ್ನು ಮೊದಲ ಗಂಟೆಯಲ್ಲೇ ಬಿಡಿಸಬೇಕು. ಮುಂಗಾರಿನ ಮೊದಲ ಮಳೆಗೆ ಏಳುವ ದುಂಬಿಗಳು ಅರೆಬೆಂದ ತಿಪ್ಪೆಯಲ್ಲಿ ಮೊಟ್ಟೆಯಿಡುತ್ತವೆ, ಅಲ್ಲಿಂದ ಗೊಣ್ಣೆಹುಳು ಹೊಲಕ್ಕೆ ಬರುತ್ತದೆ. ಶೇಂಗಾ ಬೆಳೆಯುವ ಚಳ್ಳಕೆರೆಯವರಿಗೂ ಅಡಿಕೆಯ ಚನ್ನಗಿರಿಯವರಿಗೂ ಬೇರು ಕತ್ತರಿಸುವ ಈ ಹುಳುವಿನ ಪರಿಚಯ ಬೇಕಿಲ್ಲ.

ಇನ್ನು ಮಡಿ. ಚಿತ್ರಗಳಲ್ಲಿ ಚೆಂದ ಕಾಣುವ ಏರುಮಡಿಯನ್ನು ಬೇಸಿಗೆಯಲ್ಲಿ ಇಲ್ಲಿ ಮಾಡಿದರೆ ನಾಲ್ಕೂ ಬದಿಯಿಂದ ಹಸಿ ಆರುತ್ತದೆ. ಬೋರ್‌ವೆಲ್ ನೀರು ಗಡಸಾದರೆ ಏರಿನ ನೆತ್ತಿಯ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಹುರುಳಿಕಾಯಿ ಮೊದಲು ಸುಟ್ಟ ಹಾಗಾಗುತ್ತದೆ, ಬೀಟ್‌ರೂಟ್, ಪಾಲಕ್ ತಡೆದುಕೊಳ್ಳುತ್ತವೆ. ಈ ಸೀಮೆಗೆ ಜನವರಿಯಿಂದ ಜೂನ್‌ವರೆಗೆ ತಗ್ಗುಮಡಿಯೇ ಸರಿ. ಮೂರಡಿ ಅಗಲ, ಹತ್ತಡಿ ಉದ್ದ, ದಾರಿಗಿಂತ ಅರ್ಧ ಅಡಿ ಕೆಳಗೆ. ಮೇಲ್ಮಣ್ಣು ಒಂದು ಬದಿಗೆ ತೆಗೆದಿಟ್ಟು, ಕೆಳಗಿನದ್ದನ್ನು ಒಂದಡಿ ಸಡಿಲಿಸಿ, ಚದರ ಮೀಟರಿಗೆ ಐದು ಕೆಜಿ ಕಳಿತ ಗೊಬ್ಬರ ಸೇರಿಸಿ, ಮೇಲ್ಮಣ್ಣು ವಾಪಸ್ ಹರಡಿ. ಮೇಲೆ ಮೂರು ಇಂಚು ಮುಚ್ಚಿಗೆ: ಶೇಂಗಾ ಸಿಪ್ಪೆ, ಕತ್ತರಿಸಿದ ದಂಟು, ಚನ್ನಗಿರಿ ಕಡೆಯಾದರೆ ಅಡಿಕೆ ಸಿಪ್ಪೆ. ಕೆಂಪು ಮಣ್ಣಲ್ಲಿ ಗೆದ್ದಲು ಮುಚ್ಚಿಗೆಗೆ ಬಂದೇ ಬರುತ್ತದೆ. ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಖಾಲಿ ಬಿಟ್ಟರೆ ಗಿಡಕ್ಕೆ ಅಪಾಯ ಕಡಿಮೆ.

ಸೆಪ್ಟೆಂಬರ್-ಅಕ್ಟೋಬರಿನ ಉತ್ತರಾ, ಹಸ್ತ ಮಳೆ ಹೊಡೆಯುವಾಗ ಇದೇ ತಗ್ಗುಮಡಿ ಕೆರೆಯಾಗುತ್ತದೆ. ಆಗ ಕೆಳ ತುದಿ ಒಡೆದು ನೀರಿಗೆ ದಾರಿ ಕೊಡಿ. ಈರುಳ್ಳಿ, ಕ್ಯಾರೆಟ್‌ಗೆ ಮಾತ್ರ ಅರ್ಧ ಅಡಿ ಏರಿಸಿ. ಎರೆ (ಕಪ್ಪು ಮಣ್ಣಿನ) ಭೂಮಿಯಲ್ಲಿ ಮಳೆ ಬಿದ್ದ ಎರಡು-ಮೂರು ದಿನ ಯಾರನ್ನೂ ಮಡಿಗೆ ಇಳಿಸಬೇಡಿ. ತುಳಿದ ಮಣ್ಣು ಒಣಗಿ ಇಟ್ಟಿಗೆಯಾಗುತ್ತದೆ. ಹಾಗೆ ನೋಡಿದರೆ ಎರೆ ಹೊಲದವರು ಮಳೆಗಾಲದಲ್ಲಿ ಶಿಬಿರ ಇಡದಿರುವುದೇ ಮೇಲು, ಚಪ್ಪಲಿಗೊಂದು ಕೆಜಿ ಮಣ್ಣು ಮೆತ್ತಿಕೊಂಡ ಇಪ್ಪತ್ತೈದು ಜನ ಅಡುಗೆಮನೆ ಹೊಕ್ಕರೆ ಗೊತ್ತಾಗುತ್ತದೆ.

ನೀರಿನ ಲೆಕ್ಕ ಎಲ್ಲರ ಕೈಯಲ್ಲೂ ಮಾಡಿಸಿ. ಬೇಸಿಗೆಯಲ್ಲಿ ತರಕಾರಿ ಮಡಿಗೆ ದಿನಕ್ಕೆ ಚದರ ಮೀಟರಿಗೆ 6ರಿಂದ 7 ಲೀಟರ್ ಬೇಕು, ಇಪ್ಪತ್ತು ಚದರ ಮೀಟರಿಗೆ 130 ಲೀಟರ್ ಆಯಿತು. ಒಂದು ಮಿಲಿಮೀಟರ್ ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್. ನೂರು ಚದರ ಮೀಟರ್ ಮಾಳಿಗೆಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಬಿದ್ದರೆ ಐವತ್ತು ಸಾವಿರ ಲೀಟರ್, ಸೋರಿ ಆರಿದ್ದು ಕಳೆದರೆ ನಲವತ್ತು ಸಾವಿರ. ಆ ಇಪ್ಪತ್ತು ಚದರ ಮೀಟರ್ ಮಡಿಗೆ ಮುನ್ನೂರು ದಿನದ ನೀರು ತಲೆಯ ಮೇಲೆಯೇ ಬಿದ್ದು ಹೋಗುತ್ತಿದೆ. ಮಣ್ಣು, ನೀರಿನ ಪರೀಕ್ಷೆಗೆ ದಾವಣಗೆರೆಯವರು ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ, ಹಿರಿಯೂರು ಕಡೆಯವರು ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬಹುದು.

ಸಗಣಿ-ಗಂಜಲದ ದ್ರವ ಗೊಬ್ಬರವಾದ ಜೀವಾಮೃತ ಇಲ್ಲದೆ ಶಿಬಿರವೇ ಇಲ್ಲ ಎಂಬಂತಾಗಿದೆ. 200 ಲೀಟರ್ ನೀರು, ನಾಟಿ ಹಸುವಿನ ಸಗಣಿ 10 ಕೆಜಿ, ಗಂಜಲ 5ರಿಂದ 10 ಲೀಟರ್, ಬೆಲ್ಲ 2 ಕೆಜಿ, ದ್ವಿದಳ ಧಾನ್ಯದ ಹಿಟ್ಟು 2 ಕೆಜಿ, ಬದುವಿನ ಮಣ್ಣು ಒಂದು ಹಿಡಿ. ನೆರಳಲ್ಲಿಟ್ಟು ಗೋಣಿಚೀಲ ಮುಚ್ಚಿ, ಬೆಳಗ್ಗೆ-ಸಂಜೆ ತಿರುವಿದರೆ 48 ಗಂಟೆಗೆ ಸಿದ್ಧ, ವಾರದೊಳಗೆ ಮುಗಿಸಬೇಕು. ಡ್ರಮ್ಮಿಗೆ ಬಿಗಿ ಮುಚ್ಚಳ ಹಾಕಬೇಡಿ. ಹನಿ ನೀರಾವರಿಗೆ ಬಿಡುವುದಾದರೆ ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ, ಬಿಟ್ಟಾದ ಮೇಲೆ ಹತ್ತು ನಿಮಿಷ ಬರೀ ನೀರು ಹರಿಸಿ. ಇಲ್ಲದಿದ್ದರೆ ತೂತು ಕಟ್ಟಿ, ಗಡಸು ನೀರಿನ ಸುಣ್ಣವೂ ಸೇರಿ ಪೈಪನ್ನೇ ಎಸೆಯಬೇಕಾಗುತ್ತದೆ.

ಆದರೆ ಲೆಕ್ಕ ಮುಚ್ಚಿಡಬಾರದು. ಈ ಒಂದು ಡ್ರಮ್ಮಿನಲ್ಲಿರುವ ಸಾರಜನಕ ಹೆಚ್ಚೆಂದರೆ ಕಾಲು ಕೆಜಿಯ ಸುತ್ತಮುತ್ತ. ಮಳೆಯಾಶ್ರಿತ ರಾಗಿಗೆ ಎಕರೆಗೆ ಶಿಫಾರಸಾಗಿರುವುದು ಸುಮಾರು 20 ಕೆಜಿ. ಉಳಿದದ್ದು ಬರಬೇಕಾದ್ದು ತೊಗರಿ-ಅವರೆಯಂಥ ಅಕ್ಕಡಿಯಿಂದ, ಕೊಟ್ಟಿಗೆ ಗೊಬ್ಬರದಿಂದ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದ ಅಪ್ಸೆಣಬಿನಿಂದ (ನೂರು ಚದರ ಮೀಟರಿಗೆ ಅರ್ಧ ಕೆಜಿ ಬೀಜ). ಇಲ್ಲವೇ ಕುರಿಯಿಂದ. ಬೇಸಿಗೆಯಲ್ಲಿ ರಾತ್ರಿ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವ ಪದ್ಧತಿ ಈ ಜಿಲ್ಲೆಗಳಲ್ಲಿ ಇನ್ನೂ ಇದೆ, ಕುರಿಯವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಮಂದೆ ಎದ್ದ ಬೆಳಗ್ಗೆಯೇ ತೆಳುವಾಗಿ ಕುಂಟೆ ಹೊಡೆದು ಹಿಕ್ಕೆಯನ್ನು ಮಣ್ಣಿಗೆ ಸೇರಿಸಬೇಕು. ಬಿಸಿಲಿಗೆ ಬಿಟ್ಟರೆ ಅದರ ಸತ್ವ ಘಾಟಾಗಿ ಗಾಳಿಗೆ ಹೋಗುತ್ತದೆ.

ಕೀಟಕ್ಕೆ ಹೊಡೆಯುವ ಬೇವಿನ ಕಷಾಯದಲ್ಲೂ ನಮ್ಮ ಗಡಸು ನೀರು ಆಟ ಕೆಡಿಸುತ್ತದೆ. ನೆರಳಲ್ಲಿ ಒಣಗಿಸಿದ ಬೀಜದ ತಿರುಳು 5 ಕೆಜಿ ಪುಡಿ ಮಾಡಿ, ಒಂದು ರಾತ್ರಿ ನೆನೆಸಿ, ಸೋಸಿ 100 ಲೀಟರ್ ಮಾಡುವುದು. 16 ಲೀಟರಿನ ಕ್ಯಾನಿಗೆ 800 ಗ್ರಾಂ. ಎಲೆಗೆ ಅಂಟಲೆಂದು ಸೋಪು ಹಾಕಿದರೆ ಗಡಸು ನೀರಲ್ಲಿ ಅದು ಮೊಸರಾಗಿ ನಾಜಲ್ ಕಟ್ಟುತ್ತದೆ. ಅಂಟುವಾಳಕಾಯಿ ನೆನೆಸಿದ ನೀರು ಬಳಸಿ, ಅಥವಾ ಮಳೆನೀರಲ್ಲೇ ಕಷಾಯ ಮಾಡಿ. ಹೊಡೆಯುವುದು ಸಂಜೆ, ಬಿಸಿಲಿಗೆ ಅದರ ಶಕ್ತಿ ನಿಲ್ಲದು. ಹಳೇ ಬೀಜವೂ ಕೆಲಸಕ್ಕೆ ಬಾರದು.

ಬಂದವರ ವಸತಿಯ ಬಗ್ಗೆ ಕಡಿಮೆಯಲ್ಲಿ ಹೇಳುತ್ತೇನೆ. ಇಪ್ಪತ್ತೈದಕ್ಕಿಂತ ಹೆಚ್ಚು ಜನ ಬೇಡ, ಐದೈದು ಜನಕ್ಕೊಂದು ಗುಂಪು, ಗುಂಪಿಗೊಂದು ಗುದ್ದಲಿ, ಸನಿಕೆ, ಎರಡು ಬಾಂಡ್ಲಿ, ಎರಡು ಕುಡುಗೋಲು. ಬಕೆಟ್ ಸ್ನಾನವಾದರೂ ತಲೆಗೆ ದಿನಕ್ಕೆ 60 ಲೀಟರ್ ಬೇಕು, ಒಟ್ಟು 1500. ಕರೆಂಟ್ ಇರುವ ಹೊತ್ತು ನೋಡಿ ಹಿಂದಿನ ರಾತ್ರಿಯೇ ಟ್ಯಾಂಕ್ ತುಂಬಿಸಿ. ಚಿತ್ರದುರ್ಗದ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ಕುಡಿಯಲು ಊರಿನ ಶುದ್ಧ ನೀರಿನ ಘಟಕದಿಂದ ದಿನಕ್ಕೆ 20 ಲೀಟರಿನ ಆರೇಳು ಕ್ಯಾನ್ ತನ್ನಿ. ಎಂಟು-ಹತ್ತು ಜನಕ್ಕೊಂದು ಶೌಚಾಲಯ. ಬಚ್ಚಲ ನೀರು ಬಾಳೆಗುಂಡಿಗೆ. ಮುದ್ದೆಗೆ ಕೆಜಿ ಹಿಟ್ಟಿಗೆ ಹತ್ತರ ಲೆಕ್ಕ, ಪೇಟೆಯವರು ಮೊದಲ ದಿನ ಅರ್ಧ ಬಿಡುತ್ತಾರೆ, ಗುದ್ದಲಿ ಹಿಡಿದ ಎರಡನೇ ದಿನ ಎರಡು ಕೇಳುತ್ತಾರೆ. ರಾತ್ರಿ ಟಾರ್ಚ್ ಇಲ್ಲದೆ ಯಾರೂ ಓಡಾಡಬಾರದು. ದಂಟಿನ ರಾಶಿಯಲ್ಲಿ ಚೇಳು, ಹಾವು ಇರುತ್ತವೆ, ಬರಿಗೈ ಹಾಕಬಾರದು. ಹಾವು ಕಡಿತದ ಔಷಧಿ ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿದೆ ಎಂದು ಶಿಬಿರಕ್ಕೆ ಮೊದಲೇ ಫೋನ್ ಮಾಡಿ ಕೇಳಿ ಬರೆದಿಡಿ.

ಕೊನೆಯ ದಿನ ಮಧ್ಯಾಹ್ನ ಊಟಕ್ಕೆ ಮೊದಲು ಎರಡು ಕೆಲಸ. ನೆಟ್ಟ ಮಡಿಗೆ ಸೋಮವಾರದಿಂದ ಯಾರು ನೀರು ಹಾಕುತ್ತಾರೆ ಎಂದು ಮನೆಯವರಲ್ಲಿ ಒಬ್ಬರ ಹೆಸರು ಹಲಗೆಗೆ ಬರೆಯಿರಿ. "ಎಲ್ಲರೂ ಹಾಕ್ತೀವಿ" ಅಂದರೆ ಯಾರೂ ಹಾಕುವುದಿಲ್ಲ. ಆಮೇಲೆ ಕುಡುಗೋಲು ಎಣಿಸಿ. ಹತ್ತು ಕೊಟ್ಟಿದ್ದು ಒಂಬತ್ತೇ ಇದ್ದರೆ ಹತ್ತನೆಯದು ಹೊಸ ಗೊಬ್ಬರದ ಗುಡ್ಡೆಯೊಳಗಿರುತ್ತದೆ, ವಾರ ಕಳೆದು ಮಗುಚುವವರ ಕೈಗೆ ಸಿಗುವ ಮೊದಲು ಬಸ್ ಬಿಟ್ಟರೂ ಸರಿ, ಹುಡುಕಿ ತೆಗೆಯಿರಿ.