ಶಾಲೆಗೆ ಟ್ಯಾಬ್ ಕೊಳ್ಳುವ ಮುಂಚೆ ಒಂದು ಪೀರಿಯಡ್ ಕೂತು ನೋಡಿ

ದಾವಣಗೆರೆಯ ಒಂದು ಶಿಕ್ಷಣ ಸಂಸ್ಥೆಯಲ್ಲಿ ಕಂಪ್ಯೂಟರ್ ಲ್ಯಾಬ್, ಪ್ರೊಜೆಕ್ಟರ್, ಯುಪಿಎಸ್ ಇವನ್ನೆಲ್ಲ ನೋಡಿಕೊಳ್ಳುವುದು ನನ್ನ ಕೆಲಸ. ಜಗಳೂರು, ಚಳ್ಳಕೆರೆ ಕಡೆಯೂ ನಮ್ಮ ಶಾಲೆಗಳಿವೆ. ಟ್ಯಾಬ್ ಕೊಳ್ಳುವ ಮಾತು ಬಂದಾಗಲೆಲ್ಲ ಕಮಿಟಿ ಮುಂದೆ ಮೊದಲು ಬರುವುದು ರೇಟ್ ಪಟ್ಟಿ. ರ‍್ಯಾಮ್ ಎಷ್ಟು, ಒಂದಕ್ಕೆ ಎಷ್ಟು ಬೀಳುತ್ತದೆ, ಜಿಎಸ್‌ಟಿ ಸೇರಿಸಿ ಹೇಳಿದ್ದೋ ಬಿಟ್ಟು ಹೇಳಿದ್ದೋ. ನಾನು ಆ ಪಟ್ಟಿಯನ್ನು ಕೊನೆಗೆ ನೋಡುತ್ತೇನೆ. ಮೊದಲು ಡೀಲರ್ ಹತ್ತಿರ ಒಂದೆರಡು ಡೆಮೊ ಪೀಸ್ ಇಸಿದುಕೊಂಡು ಎಂಟನೇ ಕ್ಲಾಸಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಪೀರಿಯಡ್ ಇರುವುದು 40 ನಿಮಿಷ. ಅದರಲ್ಲಿ ಪಾಠಕ್ಕೆ ಎಷ್ಟು ಉಳಿಯಿತು ಅಂತ ನೋಡುವುದಷ್ಟೇ.

ಸಾಮಾನ್ಯವಾಗಿ ಮೊದಲು ಕೈಕೊಡುವುದು ಹಿಂದಿನ ಕ್ಯಾಮೆರಾ. ಕಮಿಟಿಯಲ್ಲಿ ಅದರ ಬಗ್ಗೆ ಯಾರೂ ಕೇಳುವುದಿಲ್ಲ. ನಮ್ಮ ರಾಜ್ಯದ ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಇರುತ್ತದೆ. ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ, ಅಭ್ಯಾಸ ತೆರೆದುಕೊಳ್ಳುತ್ತವೆ. ಅಗ್ಗದ ಎಷ್ಟೋ ಟ್ಯಾಬ್‌ಗಳಲ್ಲಿ ಆಟೊಫೋಕಸ್ ಇರುವುದಿಲ್ಲ. ಹತ್ತಿರ ಹಿಡಿದರೆ ಮಬ್ಬು, ದೂರ ಹಿಡಿದರೆ ಕೋಡ್ ಚಿಕ್ಕದು. ಮಕ್ಕಳು ಪುಸ್ತಕ ಎತ್ತಿ, ಇಳಿಸಿ, ಕಿಟಕಿ ಕಡೆ ತಿರುಗಿಸಿ ಒದ್ದಾಡುವಷ್ಟರಲ್ಲಿ ಪೀರಿಯಡ್‌ನ ಕಾಲುಭಾಗ ಹೋಗಿರುತ್ತದೆ. ಕೋಡ್ ಕೆಳಗೆ ಆರು ಅಕ್ಷರದ ಸಂಕೇತ ಅಚ್ಚಾಗಿರುತ್ತದೆ, ಅದನ್ನು ಟೈಪ್ ಮಾಡಿದರೂ ಸಾಕು. ಆದರೆ ಅದು ಮೇಷ್ಟ್ರಿಗೆ ಗೊತ್ತಿರಬೇಕಲ್ಲ.

ಆಮೇಲೆ ಲಾಗಿನ್. ದೀಕ್ಷಾದಲ್ಲಿ ಲಾಗಿನ್ ಇಲ್ಲದೆಯೂ ಪಾಠ ನೋಡಬಹುದು. ಪ್ರತಿ ಮಗುವಿಗೂ ಮೇಲ್ ಐಡಿ, ಮೊಬೈಲ್ ನಂಬರ್ ಕೇಳುವ ಆ್ಯಪ್ ಅಂದರೆ ನಾನು ಅಲ್ಲೇ ಬೇಡ ಅನ್ನುತ್ತೇನೆ. ಸಮಯ ಹಾಳು ಅನ್ನುವುದು ಒಂದು ಕಾರಣ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುವುದು ಇನ್ನೊಂದು.

ಇಯರ್‌ಫೋನ್ ತೂತು ಇದೆಯಾ ಅಂತ ನೋಡಿ. ನಗಬೇಡಿ! ಮೂವತ್ತು ಟ್ಯಾಬ್ ಒಂದೇ ಕೋಣೆಯಲ್ಲಿ ಒಟ್ಟಿಗೆ ಮಾತಾಡಿದರೆ ಸಂತೆಯೇ ಸರಿ. ಐಪ್ಯಾಡ್‌ನಲ್ಲೂ 2021ರ ಒಂಬತ್ತನೇ ಪೀಳಿಗೆಯಲ್ಲಿದ್ದ 3.5 ಮಿ.ಮೀ. ಜಾಕ್ 2022ರ ಹತ್ತನೇ ಪೀಳಿಗೆಯಲ್ಲಿ ಇಲ್ಲ. ದುಡ್ಡು ಜಾಸ್ತಿ ಕೊಟ್ಟ ಮೇಲೂ ಕನ್ವರ್ಟರ್ ಹುಡುಕಬೇಕು.

ಡೆಮೊ ಪೀಸ್ ಖಾಲಿ ಇದ್ದಾಗ ಯಾವ ಟ್ಯಾಬ್ ಆದರೂ ಚುರುಕಾಗಿಯೇ ಓಡುತ್ತದೆ. ಹಾಗಾಗಿ ಅದಕ್ಕೆ ಪಠ್ಯಪುಸ್ತಕದ ಪಿಡಿಎಫ್, ವಿಡಿಯೊ ಎಲ್ಲ ತುಂಬಿಸಿ, ನಾಲ್ಕೈದು ಆ್ಯಪ್ ತೆರೆದಿಟ್ಟು ಆಮೇಲೆ ಮಕ್ಕಳ ಕೈಗೆ ಕೊಡುತ್ತೇನೆ. 32 ಜಿಬಿ ಅಂತ ಡಬ್ಬಿ ಮೇಲೆ ಇದ್ದರೂ ಸಿಸ್ಟಮ್ ತಾನೇ ಒಂದಷ್ಟು ನುಂಗಿರುತ್ತದೆ.

ಇಂಟರ್ನೆಟ್ ನಂಬಿಕೊಂಡು ಕ್ಲಾಸ್ ನಡೆಸಲು ಆಗುವುದಿಲ್ಲ. ಒಂದು ವಿಡಿಯೊಗೆ ಒಂದು ಎಂಬಿಪಿಎಸ್ ಸ್ಪೀಡ್ ಅಂತ ಇಟ್ಟುಕೊಂಡರೂ ಮೂವತ್ತು ಟ್ಯಾಬ್‌ಗೆ 30 ಬೇಕು. ಜಗಳೂರಿನ ಹಳ್ಳಿಯಲ್ಲಿ ಅದನ್ನು ಎಲ್ಲಿಂದ ತರೋಣ? ಕೊಲಿಬ್ರಿ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಹಳೇ ಕಂಪ್ಯೂಟರ್‌ಗೆ ಅಥವಾ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್‌ಗೆ ಹಾಕಿ, ಪಾಠಗಳನ್ನು ಒಮ್ಮೆ ಇಳಿಸಿಕೊಂಡರೆ ಸಾಕು. ಶಾಲೆಯ ವೈಫೈನಲ್ಲೇ ಎಲ್ಲ ಟ್ಯಾಬ್‌ಗಳಿಗೂ ಸಿಗುತ್ತವೆ, ಹೊರಗಿನ ನೆಟ್ ಬೇಡ. ಫೆಟ್ ಸಿಮ್ಯುಲೇಶನ್‌ಗಳೂ, ಅಂದರೆ ಪರದೆ ಮೇಲೆ ಕೈಯಾಡಿಸಿ ಮಾಡುವ ಪ್ರಯೋಗಗಳೂ, ಅದರಲ್ಲಿವೆ. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ನೊಬೆಲ್ ವಿಜ್ಞಾನಿ ಕಾರ್ಲ್ ವೈಮನ್ ಶುರು ಮಾಡಿದ್ದು ಅದು. ಬ್ಯಾಟರಿ, ವೈರ್, ಬಲ್ಬ್ ಜೋಡಿಸಿ ಸರ್ಕ್ಯೂಟ್ ಕಟ್ಟುವ ಪಾಠ ಕೊಟ್ಟರೆ ಬೆಲ್ ಹೊಡೆದರೂ ಹುಡುಗರು ಏಳುವುದಿಲ್ಲ. ಸುಮ್ನೆ ವಿಡಿಯೊ ನೋಡುವುದಕ್ಕಾದರೆ ಟ್ಯಾಬ್ ಯಾಕೆ, ಒಂದು ಪ್ರೊಜೆಕ್ಟರ್ ಸಾಲದಾ?

ಇನ್ನು ಕರೆಂಟ್. ಎಂಟು ಇಂಚಿನ ಟ್ಯಾಬ್‌ನ 5,100 ಎಂಎಎಚ್ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 20 ವ್ಯಾಟ್ ಅವರ್. ನಷ್ಟ ಸೇರಿಸಿದರೂ ಮೂವತ್ತು ಟ್ಯಾಬ್ ತುಂಬಲು ಒಂದು ಯೂನಿಟ್ (1,000 ವ್ಯಾಟ್ ಅವರ್) ಕೂಡ ಬೇಡ. 10 ವ್ಯಾಟ್ ಚಾರ್ಜರ್ ಮೂವತ್ತು ಹಾಕಿದರೆ 300 ವ್ಯಾಟ್, ಒಂದು 5 ಆ್ಯಂಪಿಯರ್ ಪಾಯಿಂಟ್ ಆರಾಮಾಗಿ ತಡೆಯುತ್ತದೆ. ಬಿಲ್ ಬಗ್ಗೆ ಹೆದರುವ ಹೆಡ್‌ಮಾಸ್ಟರ್‌ಗಳಿಗೆ ಈ ಲೆಕ್ಕ ಬರೆದು ತೋರಿಸುತ್ತೇನೆ. ತೊಂದರೆ ಇರುವುದು ಸಮಯದ್ದು. ಪೂರ್ತಿ ಇಳಿದದ್ದು ಏರಲು ಮೂರು ತಾಸು ಬೇಕು, ಹಳ್ಳಿಯಲ್ಲಿ ಕರೆಂಟ್ ಅಷ್ಟು ಹೊತ್ತು ಒಂದೇ ಸಮ ಇರಬೇಕಲ್ಲ. ರಾತ್ರಿ ಚಾರ್ಜಿಗೆ ಹಾಕಿ ಬೀಗ ಹಾಕಿಕೊಂಡು ಹೋಗುವುದು ನನಗೆ ಬಿಲ್ಕುಲ್ ಒಪ್ಪಿಗೆಯಿಲ್ಲ. ಆಫೀಸ್ ರೂಮಿನಲ್ಲಿ, ಹಗಲು ಹೊತ್ತಲ್ಲಿ, ಯಾರಾದರೂ ಎದುರಿಗೆ ಇರುವಾಗಲೇ ಆಗಬೇಕು. ಆ ಯಾರಾದರೂ ಯಾರು ಅಂತ ಕೊಳ್ಳುವ ಮುಂಚೆಯೇ ಹೆಸರು ಬರೆಸಿಕೊಳ್ಳುತ್ತೇನೆ.

ನಮ್ಮ ಕಡೆಯ ಬಿಸಿಲು ಬೇರೆ. ಆ್ಯಪಲ್ ತನ್ನ ಐಪ್ಯಾಡನ್ನು 35 ಡಿಗ್ರಿಯೊಳಗೆ ಬಳಸಿ ಅನ್ನುತ್ತದೆ. ಮಾರ್ಚ್‌ನಲ್ಲಿ ಚಳ್ಳಕೆರೆಯ ಶೀಟ್ ಮನೆಯ ಕ್ಲಾಸ್ ರೂಮಿಗೆ ಬಂದು ನೋಡಲಿ! ಆ ತಿಂಗಳಲ್ಲಿ ಟ್ಯಾಬ್ ಕ್ಲಾಸ್‌ಗಳನ್ನು ಬೆಳಗಿನ ಪೀರಿಯಡ್‌ಗೆ ಹಾಕಿಸಿದ್ದೇವೆ. ಬೀರುವಿನಲ್ಲಿ ಒಂದರ ಮೇಲೊಂದು ಪೇರಿಸಿ ಚಾರ್ಜ್ ಮಾಡುವಂತಿಲ್ಲ. ಬೇಸಿಗೆ ರಜೆಗೆ ಮುಂಚೆ ಅರ್ಧ ಚಾರ್ಜ್ ಮಾಡಿ ಆಫ್ ಮಾಡಿಡಬೇಕು. ಪೂರ್ತಿ ಖಾಲಿ ಬಿಟ್ಟರೆ ಜೂನ್‌ನಲ್ಲಿ ಕೆಲವು ಏಳುವುದೇ ಇಲ್ಲ.

ರಿಪೇರಿ ವಿಷಯಕ್ಕೆ ಒಂದೇ ಪ್ರಶ್ನೆ: ಇದರ ಡಿಸ್‌ಪ್ಲೇ ದಾವಣಗೆರೆಯಲ್ಲಿ ಸಿಗುತ್ತಾ, ಎಷ್ಟಕ್ಕೆ? "ಬೆಂಗಳೂರಿಗೆ ಕಳಿಸಿದರೆ ಆಯ್ತು ಬಿಡಿ ಸರ್" ಅಂದರೆ ಆ ಮಾಡೆಲ್ ಪಟ್ಟಿಯಿಂದ ಹೊರಗೆ.

ಸೈಜಿನ ಜಗಳ ಇನ್ನೂ ಮುಗಿದಿಲ್ಲ. ಮಗುವಿಗೊಂದು ಇರಬೇಕು, ಎಂಟು ಇಂಚಿನದೇ ತರೋಣ ಅನ್ನುತ್ತಾರೆ ಹೆಡ್‌ಮಾಸ್ಟರ್. ಪೋಷಕರ ಸಭೆಯಲ್ಲಿ ಹೇಳಲು ಅದು ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ನನ್ನ ಮತ ಇಬ್ಬರಿಗೊಂದು ಹತ್ತು ಇಂಚಿನದಕ್ಕೆ. ಎಂಟರಲ್ಲಿ ಪಠ್ಯಪುಸ್ತಕದ ಪುಟ ತೆರೆದರೆ ಒತ್ತಕ್ಷರ ಓದಲು ಹಿಗ್ಗಿಸುತ್ತಲೇ ಇರಬೇಕು. ಇಬ್ಬರು ಕೂತರೆ ಒಬ್ಬ ಕೈ ಆಡಿಸುತ್ತಾನೆ, ಇನ್ನೊಬ್ಬ "ಅಲ್ಲ ಕಣೋ, ಆ ವೈರ್ ಇಲ್ಲಿಗೆ ಹಾಕು" ಅನ್ನುತ್ತಾನೆ. ಪಾಠ ಆಗುವುದು ಆ ಮಾತಿನಲ್ಲೇ. ಸಂಖ್ಯೆ ಅರ್ಧವಾದರೆ ಉಳಿದ ದುಡ್ಡಲ್ಲಿ ಗಟ್ಟಿ ಕವರ್, ಟೆಂಪರ್ಡ್ ಗ್ಲಾಸ್ ಮತ್ತು ಒಂದೆರಡು ಹೆಚ್ಚುವರಿ ಟ್ಯಾಬ್ ಬರುತ್ತವೆ. ಸದ್ಯಕ್ಕೆ ಎರಡೂ ಸೈಜಿನ ಡೆಮೊ ಪೀಸ್ ತರಿಸಿದ್ದೇನೆ. ಮುಂದಿನ ವಾರ ಹೆಡ್‌ಮಾಸ್ಟರೂ ನನ್ನ ಜೊತೆ ಹಿಂದಿನ ಬೆಂಚಿನಲ್ಲಿ ಕೂರಲು ಒಪ್ಪಿದ್ದಾರೆ.